ಮಳೆ ನಿಂತ ಮೇಲೆ ಬೈಕಿಗೆ ತುಕ್ಕು ಹಿಡಿಯುವುದು ಯಾಕೆ?

ದೀಪಾವಳಿ ಕಳೆಯಿತು ಅಂದರೆ ನಮ್ಮ ಕರಾವಳಿಯಲ್ಲಿ ಬೈಕ್ ಓಡಿಸುವವರಿಗೆ ಒಳ್ಳೆಯ ದಿನಗಳು ಶುರು. ಮಳೆ ಇಲ್ಲ, ಕೆಸರಿಲ್ಲ, ರೇನ್‌ಕೋಟ್ ಮಡಚಿ ಅಟ್ಟಕ್ಕೆ ಹಾಕಿ ಆಗಿರುತ್ತದೆ. ಮಾಜಾಳಿಯಿಂದ ಭಟ್ಕಳದವರೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬೆಳಿಗ್ಗೆ ಹೊರಟರೆ ತಂಪು ಗಾಳಿ. ಶಿರಸಿ, ಸಿದ್ದಾಪುರದ ಹುಡುಗರು ಭಾನುವಾರ ಘಟ್ಟ ಇಳಿದು ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಬಂದು ಹೋಗುತ್ತಾರೆ. ಇಂಥ ಕಾಲದಲ್ಲಿ ಬೈಕಿಗೆ ತುಕ್ಕು ಹಿಡಿಯುತ್ತದೆ ಅಂದರೆ ಬೇಗ ನಂಬಿಕೆ ಬರುವುದಿಲ್ಲ. ತುಕ್ಕು ಮಳೆಗಾಲದ ಕಾಯಿಲೆ ಅಂತಲೇ ನಮ್ಮ ಲೆಕ್ಕ.

ನನ್ನ ಲೆಕ್ಕವೂ ಅದೇ ಆಗಿತ್ತು. ನಾನಿರುವುದು ಕಾರವಾರದ ಕೋಡಿಬಾಗದಲ್ಲಿ. ರಾತ್ರಿ ಸುತ್ತಲಿನ ಸದ್ದು ಅಡಗಿದರೆ ಅಲೆಯ ಶಬ್ದ ಮನೆಯೊಳಗೆ ಕೇಳುತ್ತದೆ. ಒಂದು ವರ್ಷ ಅಕ್ಟೋಬರ್‌ನಲ್ಲಿ ಬೈಕ್ ಪೂರ್ತಿ ಸರ್ವಿಸ್ ಮಾಡಿಸಿದೆ. ಎಲ್ಲ ಸರಿ ಇದೆ ಅಂದರು. ಫೆಬ್ರವರಿಯಲ್ಲಿ ಸೈಡ್ ಸ್ಟ್ಯಾಂಡಿನ ಸ್ಪ್ರಿಂಗ್ ತುಂಡಾಗಿ ಬಿತ್ತು. ಗ್ಯಾರೇಜಿಗೆ ಒಯ್ದರೆ ಸೈಲೆನ್ಸರಿನ ಹೊಟ್ಟೆ ಕೆಳಗೆ ತೂತು, ಚೈನಿನ ಪಕ್ಕದ ತಟ್ಟೆಗಳೆಲ್ಲ ಕೆಂಪು. ಮೆಕ್ಯಾನಿಕ್ ಕೇಳಿದ್ದು ಒಂದೇ ಮಾತು: "ಅಣ್ಣ, ಮಳೆ ನಿಂತ ಮೇಲೆ ಎಷ್ಟು ಸಲ ನೀರು ಹಾಕಿದ್ರಿ?" ಒಮ್ಮೆಯೂ ಹಾಕಿರಲಿಲ್ಲ. ಬೈಕ್ ಕೊಳೆಯೇ ಆಗಿರಲಿಲ್ಲವಲ್ಲ, ಸುಮ್ನೆ ಯಾಕೆ ತೊಳೆಯುವುದು ಅಂದುಕೊಂಡಿದ್ದೆ.

ಅವರ ಪ್ರಶ್ನೆಯ ಅರ್ಥ ತಿಳಿಯಬೇಕಾದರೆ ತುಕ್ಕು ಅಂದರೆ ಏನು ಅನ್ನುವಲ್ಲಿಂದ ಶುರು ಮಾಡಬೇಕು.

## ತುಕ್ಕು ಅಂದರೆ

ಕಬ್ಬಿಣ ನೆಲದೊಳಗೆ ಕಬ್ಬಿಣವಾಗಿ ಇರುವುದಿಲ್ಲ. ಆಮ್ಲಜನಕದ ಜೊತೆ ಸೇರಿಕೊಂಡು ಅದಿರಾಗಿ ಇರುತ್ತದೆ. ಕುಲುಮೆಯಲ್ಲಿ ಭಾರಿ ಶಾಖ ಕೊಟ್ಟು ನಾವು ಆ ಆಮ್ಲಜನಕವನ್ನು ಬಿಡಿಸುತ್ತೇವೆ. ಅವಕಾಶ ಸಿಕ್ಕ ಕೂಡಲೇ ಕಬ್ಬಿಣ ಮತ್ತೆ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಅದೇ ತುಕ್ಕು. ಅದಕ್ಕೆ ಎರಡು ವಸ್ತು ಬೇಕು. ಒಂದು ಗಾಳಿ, ಇನ್ನೊಂದು ನೀರು. ಒಣಗಿದ ಕಬ್ಬಿಣಕ್ಕೆ ಬರೀ ಗಾಳಿಯಿಂದ ಹೇಳುವಂಥ ತುಕ್ಕು ಹಿಡಿಯುವುದಿಲ್ಲ.

ಒಳಗೆ ನಡೆಯುವುದು ಒಂದು ಸಣ್ಣ ಬ್ಯಾಟರಿಯ ಕೆಲಸ. ಹಳೆಯ ಟಾರ್ಚಿನಲ್ಲಿ ಸೆಲ್ ಮರೆತು ಬಿಟ್ಟು, ತಿಂಗಳುಗಳ ನಂತರ ತೆಗೆದು ನೋಡಿದ್ದೀರಲ್ವಾ? ಅದರ ಹೊರಗಿನ ಲೋಹದ ತಗಡು ಕರಗಿ, ಒಳಗಿನದು ಸೋರಿರುತ್ತದೆ. ಕರೆಂಟ್ ಕೊಡುತ್ತಾ ಕೊಡುತ್ತಾ ಆ ಲೋಹ ತಾನೇ ಸವೆದಿರುತ್ತದೆ. ಒದ್ದೆ ಕಬ್ಬಿಣದ ಮೈಮೇಲೂ ಹೀಗೇ. ಒಂದು ಜಾಗದಲ್ಲಿ ಕಬ್ಬಿಣ ಕರಗುತ್ತದೆ, ಪಕ್ಕದ ಜಾಗದಲ್ಲಿ ಆಮ್ಲಜನಕ ಕೆಲಸ ಮಾಡುತ್ತದೆ. ಎರಡರ ನಡುವೆ ಲೋಹದೊಳಗಿಂದ ವಿದ್ಯುತ್ ಹರಿಯುತ್ತದೆ, ಮೇಲಿನ ನೀರು ಆ ಸುತ್ತನ್ನು ಪೂರ್ತಿ ಮಾಡುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಬ್ಯಾಟರಿಗಳು, ಸಾವಿರಾರು.

ಅಲ್ಯೂಮಿನಿಯಂ ಕೂಡ ಆಮ್ಲಜನಕವನ್ನು ಹಿಡಿಯುತ್ತದೆ. ಆದರೆ ಅದರ ಮೇಲೆ ಮೂಡುವ ಪದರ ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಉಬ್ಬುತ್ತದೆ, ಬಿರಿಯುತ್ತದೆ, ಪುಡಿಯಾಗಿ ಉದುರುತ್ತದೆ. ಸ್ಪಂಜಿನ ಹಾಗೆ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಒಮ್ಮೆ ಹಿಡಿದ ತುಕ್ಕು ತಾನಾಗಿ ನಿಲ್ಲುವುದಿಲ್ಲ.

## ಉಪ್ಪಿನ ಕೆಲಸ ಎರಡು

ಶುದ್ಧ ನೀರಿನಲ್ಲಿ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ. ಉಪ್ಪು ಸೇರಿದರೆ ಸಲೀಸಾಗಿ ಹರಿಯುತ್ತದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಈ ನೀರು ತಗುಲಿದರೆ ಮೇಲೆ ಹೇಳಿದ ಸಣ್ಣ ಬ್ಯಾಟರಿಗಳೆಲ್ಲ ಜೋರಾಗಿ ಕೆಲಸ ಶುರು ಮಾಡುತ್ತವೆ. ಇದು ಮೊದಲನೆಯದು.

ಎರಡನೆಯದು ಇನ್ನೂ ಕೆಟ್ಟದ್ದು. ಉಪ್ಪಿನಲ್ಲಿರುವ ಕ್ಲೋರೈಡ್, ಲೋಹಗಳ ಮೇಲಿನ ಕಾಯುವ ಪದರವನ್ನೇ ಅಲ್ಲಲ್ಲಿ ಒಡೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟಿನಲ್ಲಿ ಚುಕ್ಕಿ ಚುಕ್ಕಿ ಕಂದು ಕಲೆ, ಅಲ್ಯೂಮಿನಿಯಂ ಎಂಜಿನ್ ಕವರಿನ ಮೇಲೆ ಬಿಳಿ ಹಿಟ್ಟಿನಂಥ ಪುಡಿ ಬರುವುದು ಇದರಿಂದಲೇ. ಇಷ್ಟೆಲ್ಲ ಮಾಡಿದರೂ ಉಪ್ಪು ಖರ್ಚಾಗುವುದಿಲ್ಲ. ತೊಳೆದು ತೆಗೆಯುವವರೆಗೆ ಅದು ಅಲ್ಲೇ ಕೂತು ಕೆಲಸ ಮಾಡುತ್ತಲೇ ಇರುತ್ತದೆ.

## ಒಣ ಕಾಲದಲ್ಲಿ ನೀರು ಎಲ್ಲಿಂದ ಬಂತು?

ನಮ್ಮ ಅಡುಗೆಮನೆಯ ಉಪ್ಪಿನ ಭರಣಿಯನ್ನು ನೆನಪು ಮಾಡಿಕೊಳ್ಳಿ. ಅದಕ್ಕೆ ಯಾರೂ ನೀರು ಹಾಕಿರುವುದಿಲ್ಲ. ಆದರೂ ಉಪ್ಪು ಒದ್ದೆಯಾಗಿ ಅಡಿಯಲ್ಲಿ ನೀರು ನಿಂತಿರುತ್ತದೆ. ಉಪ್ಪು ಗಾಳಿಯಿಂದಲೇ ನೀರನ್ನು ಎಳೆದುಕೊಳ್ಳುತ್ತದೆ. ಇದಕ್ಕೊಂದು ಮಿತಿ ಇದೆ. ಗಾಳಿಯ ತೇವಾಂಶ ಸುಮಾರು ಶೇ 75 ದಾಟಿದರೆ ಅಡುಗೆ ಉಪ್ಪು ಕರಗಿ ನೀರಾಗಲು ತೊಡಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಅನ್ನುವ ಇನ್ನೊಂದು ಉಪ್ಪೂ ಇದೆ. ಅದಕ್ಕೆ ಶೇ 33 ತೇವಾಂಶ ಸಾಕು. ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಉಪ್ಪಿನ ಗದ್ದೆಗಳಿಂದ ಬರುವ ಹರಳುಪ್ಪು, ಪ್ಯಾಕೆಟ್ಟಿನ ಪುಡಿ ಉಪ್ಪಿಗಿಂತ ಬೇಗ ಪಸೆಪಸೆ ಆಗುವುದಕ್ಕೆ ಕಾರಣ ಇಂಥ ಲವಣಗಳೇ.

ಈಗ ಇದನ್ನು ಬೈಕಿನ ಮೇಲೆ ಇಟ್ಟು ನೋಡಿ. ಅಲೆ ದಡಕ್ಕೆ ಬಡಿದು ನೊರೆಯಾದಾಗ ಲಕ್ಷಾಂತರ ಗುಳ್ಳೆಗಳು ಒಡೆಯುತ್ತವೆ. ಪ್ರತಿ ಗುಳ್ಳೆ ಒಡೆದಾಗಲೂ ತೀರಾ ಸಣ್ಣ ಹನಿಗಳು ಗಾಳಿಗೆ ಹಾರುತ್ತವೆ. ಮಧ್ಯಾಹ್ನದ ಹೊತ್ತಿಗೆ ಭೂಮಿ ಕಾದು ಗಾಳಿ ಕಡಲಿಂದ ಊರಿನ ಕಡೆಗೆ ಬೀಸತೊಡಗುತ್ತದೆ. ಆ ಹನಿಗಳು ಅದರ ಜೊತೆ ಬರುತ್ತವೆ. ದಾರಿಯಲ್ಲಿ ನೀರು ಆರಿ ಉಪ್ಪು ಉಳಿಯುತ್ತದೆ. ಗೋಡೆ, ಕಿಟಕಿ ಸರಳು, ಬೈಕಿನ ಫೋರ್ಕ್, ಸ್ಪೋಕ್, ಎಲ್ಲದರ ಮೇಲೂ ಕೂರುತ್ತದೆ. ಸಾಣಿಕಟ್ಟಾದಲ್ಲಿ ಬಿಸಿಲಿಗೆ ನೀರು ಆರಿಸಿ ಉಪ್ಪು ತೆಗೆಯುತ್ತಾರಲ್ಲ, ಅದೇ ಕೆಲಸ ಇಲ್ಲಿ ಬೈಕಿನ ಮೈಮೇಲೆ ನಡೆಯುತ್ತಿರುತ್ತದೆ.

ರಾತ್ರಿ ಆಗುತ್ತದೆ. ಚಳಿಗಾಲದ ಆಕಾಶದಲ್ಲಿ ಮೋಡ ಇರುವುದಿಲ್ಲ. ಬಯಲಿನಲ್ಲಿ ನಿಂತ ಲೋಹ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಬೆಳಿಗ್ಗೆ ಸೀಟು ಮುಟ್ಟಿದರೆ ಕೈ ಒದ್ದೆ. ಅದೇ ಇಬ್ಬನಿ. ಇಬ್ಬನಿ ಕಣ್ಣಿಗೆ ಕಾಣುವುದಕ್ಕೂ ಎಷ್ಟೋ ಗಂಟೆ ಮೊದಲೇ ಬೈಕಿನ ಮೇಲಿನ ಉಪ್ಪು ನೀರು ಕುಡಿದು ಕರಗಿರುತ್ತದೆ. ಹತ್ತು ಗಂಟೆಯ ಬಿಸಿಲಿಗೆ ಎಲ್ಲ ಆರುತ್ತದೆ. ಬೈಕ್ ಒಣಗಿದೆ, ಹೊಳೆಯುತ್ತಿದೆ ಅನಿಸುತ್ತದೆ. ಉಪ್ಪು ಮಾತ್ರ ಅಲ್ಲೇ ಇರುತ್ತದೆ. ಮಧ್ಯಾಹ್ನ ಮತ್ತೆ ಗಾಳಿ, ಮತ್ತೆ ಉಪ್ಪು. ರಾತ್ರಿ ಮತ್ತೆ ಇಬ್ಬನಿ. ಹೀಗೆ ನವೆಂಬರ್‌ನಿಂದ ಮೇ ತನಕ ಪದರದ ಮೇಲೆ ಪದರ.

ಮಳೆಗಾಲ ಬೈಕಿಗೆ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಆಗ ಗಾಳಿ ಜೋರು, ತೇವ ಆರುವುದೇ ಇಲ್ಲ, ತುಕ್ಕು ಹಿಡಿಯುತ್ತದೆ. ಆದರೆ ಕಾರವಾರದ ಕಡೆ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುತ್ತದೆ. ಬಯಲಿಗೆ ಕಾಣುವ ಭಾಗಗಳ ಉಪ್ಪನ್ನು ಆ ಮಳೆಯೇ ತೊಳೆದು ಒಯ್ಯುತ್ತದೆ. ಮಳೆ ನಿಂತ ಮೇಲೆ ತೊಳೆಯುವವರು ಯಾರೂ ಇಲ್ಲ. ಬೇಕಾದರೆ ಯಾವುದಾದರೂ ಹಳೆಯ ಬೈಕಿನ ಮಡ್‌ಗಾರ್ಡ್ ನೋಡಿ. ಮಳೆ ಬೀಳುವ ಮೇಲ್ಭಾಗ ಚೆನ್ನಾಗಿರುತ್ತದೆ. ಮಳೆ ತಲುಪದ ಒಳಮಗ್ಗುಲು ತುಕ್ಕು ತಿಂದಿರುತ್ತದೆ. ಚಳಿಗಾಲದಲ್ಲಿ ಇಡೀ ಬೈಕೇ ಆ ಒಳಮಗ್ಗುಲಿನ ಹಾಗೆ ಆಗುತ್ತದೆ. ಮೆಕ್ಯಾನಿಕ್ ನನ್ನನ್ನು ಕೇಳಿದ ಪ್ರಶ್ನೆಯ ಅರ್ಥ ಇಷ್ಟೇ.

ಕಡಲಿನಿಂದ ಎಷ್ಟು ದೂರದವರೆಗೆ ಈ ಉಪ್ಪು ಬರುತ್ತದೆ? ಅಲೆ ಒಡೆಯುವ ಜಾಗದಿಂದ ಮೊದಲ ಕೆಲವು ನೂರು ಮೀಟರ್‌ನಲ್ಲೇ ಹೆಚ್ಚಿನ ಪಾಲು ಕೆಳಗಿಳಿದುಬಿಡುತ್ತದೆ. ಆಮೇಲೆ ಬೇಗ ಬೇಗ ಕಡಿಮೆಯಾಗುತ್ತದೆ. ನಡುವೆ ಗಾಳಿಮರದ ತೋಪು, ಮನೆಗಳ ಸಾಲು ಇದ್ದರೆ ಇನ್ನೂ ಕಡಿಮೆ. ಹಾಗಾಗಿ ಸಮುದ್ರಕ್ಕೆ ಮುಖ ಮಾಡಿದ ಅಂಗಳದಲ್ಲಿ ನಿಲ್ಲುವ ಬೈಕಿಗೂ, ಅದೇ ಮನೆಯ ಹಿಂದೆ ಗೋಡೆಯ ಮರೆಯಲ್ಲಿ ನಿಲ್ಲುವ ಬೈಕಿಗೂ ವ್ಯತ್ಯಾಸ ಬರುತ್ತದೆ. ಏನೂ ಖರ್ಚಿಲ್ಲದ ಮೊದಲ ರಕ್ಷಣೆ ಅಂದರೆ ಬೈಕ್ ನಿಲ್ಲಿಸುವ ಜಾಗ ಬದಲಿಸುವುದು.

## ಹೊರದೇಶದ ವಿಡಿಯೊಗಳಲ್ಲಿ ಹೇಳುವುದು ನಮಗೆ ಹೊಂದುತ್ತದೆಯೇ?

ಬೈಕ್, ಚಳಿಗಾಲ, ತುಕ್ಕು ಅಂತ ಹುಡುಕಿದರೆ ಬ್ರಿಟನ್, ಕೆನಡಾದ ವಿಡಿಯೊಗಳು ಬರುತ್ತವೆ. ಅಲ್ಲಿ ಉಪ್ಪು ರಸ್ತೆಯಿಂದಲೇ ಬರುತ್ತದೆ. ನೀರಿಗೆ ಉಪ್ಪು ಸೇರಿದರೆ ಅದು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ. ಶೇ 23ರಷ್ಟು ಉಪ್ಪಿರುವ ನೀರು ಮೈನಸ್ 21 ಡಿಗ್ರಿಯವರೆಗೂ ದ್ರವವಾಗಿಯೇ ಇರುತ್ತದೆ. ರಸ್ತೆ ಮೇಲೆ ಐಸ್ ಕಟ್ಟದಿರಲಿ ಅಂತ ಅಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಚಕ್ರದಿಂದ ಸಿಡಿದು ಬೈಕಿನ ಕೆಳಭಾಗಕ್ಕೆ ಬಡಿಯುತ್ತದೆ.

ನಮ್ಮಲ್ಲಿ ಉಪ್ಪು ಬರುವುದು ಗಾಳಿಯಿಂದ. ಹಾಗಾಗಿ ಅದು ಕೆಳಗೆ ಮಾತ್ರವಲ್ಲ, ಹ್ಯಾಂಡಲ್, ಕನ್ನಡಿಯ ಕಂಬಿ, ಸ್ವಿಚ್, ಎಲ್ಲದರ ಮೇಲೂ ಕೂರುತ್ತದೆ. ಇನ್ನೊಂದು ವ್ಯತ್ಯಾಸ ಶಾಖ. ತುಕ್ಕು ರಾಸಾಯನಿಕ ಕ್ರಿಯೆ, ಬೆಚ್ಚಗಿದ್ದಷ್ಟು ವೇಗ ಜಾಸ್ತಿ. ಅವರ ಚಳಿಗಾಲ ಹೆಪ್ಪುಗಟ್ಟುವ ಚಳಿ, ನಮ್ಮ ಕರಾವಳಿಯದು ಬೆಚ್ಚಗಿನ ಚಳಿಗಾಲ. ಅಷ್ಟೇ ಉಪ್ಪು, ಅಷ್ಟೇ ತೇವ ಇದ್ದರೆ ನಮ್ಮಲ್ಲಿ ಕೆಲಸ ಬೇಗ ಮುಗಿಯುತ್ತದೆ. ಅಲ್ಲಿ ಅನೇಕರು ಬೈಕನ್ನು ಚಳಿಗಾಲ ಮುಗಿಯುವವರೆಗೆ ಶೆಡ್ಡಿನಲ್ಲಿ ನಿಲ್ಲಿಸಿಬಿಡುತ್ತಾರೆ. ನಾವು ದಿನಾ ಓಡಿಸುವವರು. ಆದ್ದರಿಂದ ಅವರು ಹೇಳುವ ದೊಡ್ಡ ತಯಾರಿಗಳಿಗಿಂತ, ವಾರಕ್ಕೊಮ್ಮೆ ಮಾಡುವ ಸಣ್ಣ ಕೆಲಸ ನಮಗೆ ಮುಖ್ಯ.

## ಮೊದಲು ಎಲ್ಲಿ ನೋಡಬೇಕು

ಕ್ರೋಮ್ ಹೊಳೆಯುತ್ತದೆ, ಗಟ್ಟಿ ಅನಿಸುತ್ತದೆ. ನಿಜವಾಗಿ ಆ ಕ್ರೋಮ್ ಪದರ ಒಂದು ಮೈಕ್ರಾನ್‌ಗಿಂತಲೂ ತೆಳ್ಳಗೆ, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೂ ಕಡಿಮೆ. ಅದರ ಕೆಳಗಿನ ನಿಕಲ್ ಪದರವೇ ನಿಜವಾದ ಕಾವಲು. ಉಪ್ಪುನೀರು ಸಣ್ಣ ಬಿರುಕಿನಿಂದ ಇಳಿದು ಉಕ್ಕನ್ನು ಮುಟ್ಟಿದರೆ ತುಕ್ಕು ಒಳಗಿಂದ ಮೇಲೆ ಬರುತ್ತದೆ. ರಿಮ್ ಮೇಲೆ ಕಾಣುವ ಕೆಂಪು ಚುಕ್ಕಿ ಹೊರಗಿಂದ ಅಂಟಿದ್ದಲ್ಲ.

ಎರಡು ಬೇರೆ ಬೇರೆ ಲೋಹ ಸೇರುವ ಕಡೆ ಇನ್ನೊಂದು ಸಮಸ್ಯೆ. ಅಲ್ಯೂಮಿನಿಯಂ ಎಂಜಿನ್ನಿಗೆ ಉಕ್ಕಿನ ಬೋಲ್ಟ್ ಹಾಕಿರುತ್ತಾರೆ. ನಡುವೆ ಉಪ್ಪುನೀರು ಸೇರಿತು ಅಂದರೆ ಅಲ್ಯೂಮಿನಿಯಂ ತಾನು ಕರಗಿ ಉಕ್ಕನ್ನು ಕಾಯುತ್ತದೆ. ಅದರ ಬಿಳಿ ಪುಡಿ ಮರೆಯಲ್ಲಿ ತುಂಬಿ ಬೋಲ್ಟ್ ಕಚ್ಚಿಕೊಳ್ಳುತ್ತದೆ. ತಿರುಗಿಸಿದರೆ ತಲೆ ಮುರಿಯುತ್ತದೆ. ಇದೇ ಗುಣವನ್ನು ಹಡಗಿನವರು ಒಳ್ಳೆಯದಕ್ಕೆ ಬಳಸುತ್ತಾರೆ. ಉಕ್ಕಿನ ಹಡಗಿನ ತಳಕ್ಕೆ ಸತುವಿನ ಗಟ್ಟಿಗಳನ್ನು ಜೋಡಿಸುತ್ತಾರೆ. ಸತು ಕರಗುತ್ತಾ ಹೋಗುತ್ತದೆ, ಹಡಗು ಉಳಿಯುತ್ತದೆ. ನಮ್ಮ ಮಾಡಿನ ತಗಡಿಗೆ ಸತುವಿನ ಲೇಪ ಕೊಡುವುದೂ ಅದಕ್ಕೇ.

ಸೈಲೆನ್ಸರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಅದು ಎರಡೂ ಕಡೆಯಿಂದ ಸಾಯುತ್ತದೆ. ಪೆಟ್ರೋಲ್ ಉರಿದಾಗ ನೀರು ಹುಟ್ಟುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹಬೆಯಾಗಿ ಹೊರಗೆ ಬರುತ್ತದೆ. ಚಳಿಗಾಲದ ಬೆಳಿಗ್ಗೆ ಸೈಲೆನ್ಸರಿನ ತುದಿಯಿಂದ ಹನಿ ಬೀಳುವುದು ಇದೇ ನೀರು. ದೂರ ಓಡಿಸಿದರೆ ಸೈಲೆನ್ಸರ್ ಕಾದು ನೀರೆಲ್ಲ ಹೊರಹೋಗುತ್ತದೆ. ಮನೆಯಿಂದ ಮೀನು ಪೇಟೆಗೆ ಒಂದು ಕಿಲೋಮೀಟರ್, ಮತ್ತೆ ವಾಪಸ್. ಹೀಗೆ ಮಾಡಿದರೆ ಅದು ಕಾಯುವ ಮೊದಲೇ ಎಂಜಿನ್ ಬಂದ್. ನೀರು ಹೊಟ್ಟೆಯಲ್ಲೇ ನಿಂತು ಒಳಗಿಂದ ತಿನ್ನುತ್ತದೆ. ಹೊರಗಿಂದ ಉಪ್ಪು. ನನ್ನ ಬೈಕಿಗೆ ಆದದ್ದು ಇದೇ. ವಾರಕ್ಕೊಮ್ಮೆಯಾದರೂ ಇಪ್ಪತ್ತು, ಮೂವತ್ತು ನಿಮಿಷ ಒಂದೇ ಸಮ ಓಡಿಸಿ. ಸೈಲೆನ್ಸರಿನ ಕೆಳಗೆ ನೀರಿಳಿಯುವ ಸಣ್ಣ ತೂತು ಇದ್ದರೆ ಅದು ಕಟ್ಟಿಕೊಳ್ಳದಂತೆ ನೋಡಿಕೊಳ್ಳಿ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ, ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮದ ಬೈಕುಗಳಲ್ಲಿ ಹೊಗೆಯ ಕೊಳವೆಯಲ್ಲೇ ಆಕ್ಸಿಜನ್ ಸೆನ್ಸರ್, ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಎಲ್ಲ ಇರುತ್ತವೆ. ತೂತು ಬಿದ್ದರೆ ಮೊದಲಿನ ಹಾಗೆ ಒಂದು ತೇಪೆ ಬೆಸುಗೆಗೆ ಮುಗಿಯುವುದಿಲ್ಲ.

ವಯರುಗಳ ಕನೆಕ್ಟರ್ ಒಳಗೆ ತಾಮ್ರ, ಹಿತ್ತಾಳೆಯ ಪಿನ್ನುಗಳಿರುತ್ತವೆ. ಅವಕ್ಕೆ ಹಸಿರು ಕಿಲುಬು ಹಿಡಿದರೆ ಒಂದು ದಿನ ಹಾರ್ನ್ ಇಲ್ಲ, ಇನ್ನೊಂದು ದಿನ ಸೆಲ್ಫ್ ಇಲ್ಲ. ಬ್ರೇಕ್ ಡಿಸ್ಕಿನ ಮೇಲೆ ಬೆಳಿಗ್ಗೆ ಕಾಣುವ ಕೆಂಪು ಮಾತ್ರ ಚಿಂತೆಯ ವಿಷಯವಲ್ಲ. ನಾಲ್ಕು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ.

## ತೊಳೆಯುವುದು ಹೇಗೆ

ಉಪ್ಪು ನೀರಿನಲ್ಲಿ ಕರಗುತ್ತದೆ. ಅದನ್ನು ತೆಗೆಯಲು ದುಬಾರಿಯದ್ದು ಏನೂ ಬೇಡ. ಸಿಹಿನೀರು ಸಾಕು. ಎರಡು ಬಕೆಟ್ ನೀರು, ಒಂದು ಮಗ್ಗು. ಕಡಲ ಬದಿಯವರು ವಾರಕ್ಕೊಮ್ಮೆ, ಸಮುದ್ರದ ಮರಳಿನಲ್ಲಿ ಓಡಿಸಿದ್ದರೆ ಅಥವಾ ದೋಣಿಯಲ್ಲಿ ಬೈಕ್ ದಾಟಿಸಿದ್ದರೆ ಅದೇ ದಿನ. ಮೇಲಿಂದ ಕೆಳಕ್ಕೆ ಹಾಕುತ್ತಾ ಬನ್ನಿ. ಮಡ್‌ಗಾರ್ಡ್ ಒಳಗೆ, ಸ್ಟ್ಯಾಂಡಿನ ಸಂದಿಗೆ, ಫೋರ್ಕಿನ ಹಿಂದೆ, ಸೀಟಿನ ಕೆಳಗಿನ ಪೈಪುಗಳಿಗೆ ಜಾಸ್ತಿ ನೀರು ಕೊಡಿ. ಕಾಣುವ ಜಾಗಕ್ಕಿಂತ ಕಾಣದ ಜಾಗ ಮುಖ್ಯ. ಎಂಜಿನ್, ಸೈಲೆನ್ಸರ್ ತಣ್ಣಗಾದ ಮೇಲೆ ಮಾಡಿ.

ಯಾವ ನೀರು ಅನ್ನುವುದು ನಮ್ಮ ಕಡೆ ದೊಡ್ಡ ಪ್ರಶ್ನೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಎಲ್ಲ ಹೊಳೆಗಳ ಬಾಯಿಯಲ್ಲೂ ಭರತದ ಹೊತ್ತಿಗೆ ಸಮುದ್ರದ ನೀರು ಒಳಗೆ ನುಗ್ಗುತ್ತದೆ. ಮಳೆಗಾಲ ದೂರವಾದಷ್ಟು ಹೊಳೆಯಂಚಿನ ಬಾವಿಗಳ ನೀರು ಸವಳಾಗುತ್ತದೆ. ಆ ನೀರಿನಲ್ಲಿ ತೊಳೆದರೆ ಉಪ್ಪು ತೆಗೆದಂತಲ್ಲ, ಹಚ್ಚಿದಂತೆ. ಅನ್ನ ಮಾಡಲು ಬಳಸದ ನೀರನ್ನು ಬೈಕಿಗೂ ಹಾಕಬೇಡಿ. ನಲ್ಲಿ ನೀರು ಕಡಿಮೆ ಇದ್ದರೆ ಅದರಲ್ಲೇ ಒಂದು ಬಟ್ಟೆ ಅದ್ದಿ, ಹಿಂಡಿ, ಪದೇ ಪದೇ ಒರೆಸಿದರೂ ಅರ್ಧ ಕೆಲಸ ಆಯಿತು.

ಬಟ್ಟೆ ಒಗೆಯುವ ಪುಡಿ ಬೇಡ. ಅದರಲ್ಲಿರುವ ಸೋಡಾ ಅಲ್ಯೂಮಿನಿಯಂ ಹೊಳಪನ್ನು ತಿನ್ನುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ದಪ್ಪ ಮಾಡಲು ಎಷ್ಟೋ ಸಲ ಉಪ್ಪನ್ನೇ ಸೇರಿಸಿರುತ್ತಾರೆ. ಜಿಡ್ಡಿದ್ದರೆ ವಾಹನದ ಶಾಂಪೂ ಸ್ವಲ್ಪ ಹಾಕಿ. ವಾಟರ್ ಸರ್ವಿಸ್‌ಗೆ ಬಿಟ್ಟರೆ, ಪ್ರೆಶರಿನ ನೀರನ್ನು ಚಕ್ರದ ಬೇರಿಂಗ್, ಚೈನ್, ಮೀಟರ್, ವಯರಿನ ಗಂಟುಗಳಿಗೆ ಹತ್ತಿರದಿಂದ ಹೊಡೆಯಬೇಡಿ ಅಂತ ಹೇಳಿ. ಆ ಒತ್ತಡಕ್ಕೆ ರಬ್ಬರ್ ಸೀಲಿನ ಒಳಗೂ ನೀರು ಹೋಗುತ್ತದೆ, ಒಳಗಿನ ಗ್ರೀಸ್ ಹೊರಗೆ ಬರುತ್ತದೆ. ಕೊನೆಗೆ ಡೀಸೆಲ್ ಸಿಂಪಡಿಸಿ ಹೊಳೆಯುವ ಹಾಗೆ ಮಾಡಿ ಕೊಡುವ ರೂಢಿ ಕೆಲವು ಕಡೆ ಇದೆ. ಅದು ರಬ್ಬರನ್ನು ಹಾಳು ಮಾಡುತ್ತದೆ, ಧೂಳನ್ನು ಅಂಟಿಸಿಕೊಳ್ಳುತ್ತದೆ, ಬ್ರೇಕಿಗೆ ತಗುಲಿದರೆ ಅಪಾಯ. ಬೇಡ ಅಂದುಬಿಡಿ.

ತೊಳೆದು ಹಾಗೇ ನಿಲ್ಲಿಸಬೇಡಿ. ಒರೆಸಿ, ಹತ್ತು ನಿಮಿಷ ಓಡಿಸಿ ಬನ್ನಿ. ಎಂಜಿನ್ ಬಿಸಿಗೆ, ಗಾಳಿಗೆ ಸಂದಿಯ ನೀರು ಆರುತ್ತದೆ. ಬ್ರೇಕೂ ಒಣಗುತ್ತದೆ. ಒದ್ದೆ ಬೈಕಿಗೆ ಪ್ಲಾಸ್ಟಿಕ್ ಹೊದಿಕೆ ಹಾಕುವುದು ದೊಡ್ಡ ತಪ್ಪು. ಒಳಗಿನ ತೇವ ಹೊರಗೆ ಹೋಗುವುದಿಲ್ಲ, ಬಿಸಿಲಿಗೆ ಹಬೆಯಾಡುತ್ತದೆ. ಗಾಳಿಯಾಡುವ ಬಟ್ಟೆಯ ಹೊದಿಕೆ ಒಣಗಿದ ಬೈಕಿಗೆ ಒಳ್ಳೆಯದು. ಮಣ್ಣಿನ ಅಂಗಳಕ್ಕಿಂತ ಕಲ್ಲು ಹಾಸಿದ ಅಥವಾ ಸಿಮೆಂಟ್ ನೆಲ ಮೇಲು.

ಬೈಕಿನ ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಊರೂರು ಸುತ್ತುವವರಿಗೆ ವಾರಕ್ಕೊಮ್ಮೆ ಸಾಲದು. ಕರಗಿದ ಐಸ್ ಮೀನಿನ ಉಪ್ಪನ್ನು ಸೇರಿಸಿಕೊಂಡು ಹಿಂದಿನ ಚಕ್ರ, ಚೈನ್, ಶಾಕ್ ಅಬ್ಸಾರ್ಬರ್ ಮೇಲೆ ದಿನಾ ಸೋರುತ್ತದೆ. ದುಡಿಮೆಯೇ ಆ ಬೈಕಿನ ಮೇಲೆ ನಿಂತಿರುವಾಗ ದಿನಕ್ಕೊಂದು ಬಕೆಟ್ ನೀರು ದೊಡ್ಡದಲ್ಲ. ಪೆಟ್ಟಿಗೆಯ ಸೋರುವ ಮೂಲೆಗೆ ಒಂದು ಪೈಪು ಸಿಕ್ಕಿಸಿ ನೀರು ಬೈಕಿನಿಂದ ಹೊರಗೆ ಬೀಳುವಂತೆ ಮಾಡಿಕೊಂಡರೆ ಇನ್ನೂ ಒಳ್ಳೆಯದು.

## ತೊಳೆದ ಮೇಲೆ ಏನು ಹಚ್ಚಬೇಕು

ಹಚ್ಚುವುದರ ಉದ್ದೇಶ ಒಂದೇ, ಲೋಹಕ್ಕೂ ನೀರಿಗೂ ನಡುವೆ ಅಡ್ಡ ಹಾಕುವುದು. ಪೇಂಟ್ ಮಾಡಿದ ಭಾಗಕ್ಕೆ ಎರಡು ಮೂರು ತಿಂಗಳಿಗೊಮ್ಮೆ ವ್ಯಾಕ್ಸ್. ಸ್ಟ್ಯಾಂಡಿನ ಕೀಲು, ಸ್ಪ್ರಿಂಗ್, ಕಾಣದ ಬೋಲ್ಟುಗಳಿಗೆ ಗ್ರೀಸ್. ಬ್ಯಾಟರಿಯ ತುದಿಗಳಿಗೆ ಪೆಟ್ರೋಲಿಯಂ ಜೆಲ್ಲಿ. ಚೈನನ್ನು ತೊಳೆದು ಒಣಗಿಸಿ ಚೈನ್ ಲ್ಯೂಬ್ ಅಥವಾ ಗೇರ್ ಆಯಿಲ್ ಹಾಕಿ, ಜಾಸ್ತಿ ಆದದ್ದನ್ನು ಒರೆಸಿ. ಫ್ರೇಮಿನ ಕೆಳಭಾಗಕ್ಕೆ ತುಕ್ಕು ತಡೆಯುವ ಎಣ್ಣೆಯ ಸ್ಪ್ರೇ ಸಿಗುತ್ತದೆ. ಬ್ರೇಕ್ ಡಿಸ್ಕ್, ಪ್ಯಾಡ್, ಟೈರಿಗೆ ಇದರಲ್ಲಿ ಯಾವುದೂ ತಾಗಬಾರದು.

ಎಲ್ಲರ ಮನೆಯಲ್ಲೂ ಇರುವ ಡಬ್ಲ್ಯೂಡಿ-40 ಬಗ್ಗೆ ಒಂದು ಮಾತು. ಹೆಸರಿನ ಮೊದಲ ಎರಡು ಅಕ್ಷರಕ್ಕೆ ನೀರನ್ನು ಹೊರದೂಡುವುದು ಅಂತ ಅರ್ಥ, 40 ಅಂದರೆ ನಲವತ್ತನೆಯ ಪ್ರಯತ್ನ. 1953ರಲ್ಲಿ ಅಮೆರಿಕದಲ್ಲಿ ಕ್ಷಿಪಣಿಯ ಹೊರಮೈಗೆ ತುಕ್ಕು ಹಿಡಿಯದಿರಲಿ ಅಂತ ಮಾಡಿದ್ದು. ಒದ್ದೆಯಾದ ಸಂದಿಯಿಂದ ನೀರು ಓಡಿಸಲು, ಕಚ್ಚಿಕೊಂಡ ನಟ್ ಬಿಡಿಸಲು ಒಳ್ಳೆಯದು. ಆದರೆ ಅದು ಬಿಡುವ ಪದರ ತೆಳು, ಬೇಗ ಹೋಗುತ್ತದೆ. ಅದನ್ನೇ ಚೈನಿಗೆ ಎಣ್ಣೆಯೆಂದು ನಂಬಿದರೆ ಚೈನ್ ಒಣಗುತ್ತದೆ.

ಕೈಗೆ ಸಿಗುತ್ತದೆ ಅಂತ ತೆಂಗಿನೆಣ್ಣೆ ಒರೆಸುವವರಿದ್ದಾರೆ. ಎರಡು ದಿನ ಹೊಳೆಯುತ್ತದೆ ನಿಜ. ಆಮೇಲೆ ಗಾಳಿಗೆ ಕಮಟಿ, ಅಂಟಾಗಿ, ಉಪ್ಪನ್ನೂ ಧೂಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಸೋಸಿದ ಹಳೆಯ ಎಂಜಿನ್ ಆಯಿಲ್ ಹಚ್ಚುವುದೂ ಸರಿಯಲ್ಲ. ಅದರಲ್ಲಿ ಎಂಜಿನ್ ಉರಿದು ಉಳಿದ ಆಮ್ಲ ಸೇರಿರುತ್ತದೆ, ಅಂಗಳಕ್ಕೆ ಇಳಿದರೆ ಬಾವಿಗೂ ಕೇಡು.

## ಘಟ್ಟದ ಮೇಲಿನವರಿಗೆ

ಶಿರಸಿಯ ತನಕ ಕಡಲ ಉಪ್ಪು ಹೇಳಿಕೊಳ್ಳುವಷ್ಟು ಬರುವುದಿಲ್ಲ. ಅಲ್ಲಿಯ ತೊಂದರೆ ಇಬ್ಬನಿ. ಡಿಸೆಂಬರ್ ಬೆಳಿಗ್ಗೆ ಬೈಕಿನಿಂದ ನೀರು ತೊಟ್ಟಿಕ್ಕುವಷ್ಟು ಇಬ್ಬನಿ ಬೀಳುತ್ತದೆ. ಉಪ್ಪಿಲ್ಲದಿದ್ದರೆ ಅದರಿಂದ ಆಗುವ ಹಾನಿ ನಿಧಾನ. ಆದರೆ ಭಾನುವಾರ ಗೋಕರ್ಣದ ದಂಡೆಯ ಮರಳಿನಲ್ಲಿ ಓಡಿಸಿ, ರಾತ್ರಿ ಘಟ್ಟ ಹತ್ತಿ ಬಂದು, ದಣಿದು, ಬೈಕ್ ಹಾಗೇ ನಿಲ್ಲಿಸಿದರೆ? ಉಪ್ಪು ಕರಾವಳಿಯದು, ನೀರು ಘಟ್ಟದ್ದು. ಮುಂದಿನ ಭಾನುವಾರದ ತನಕ ಏಳು ರಾತ್ರಿ. ಬಂದ ರಾತ್ರಿಯೇ ಎರಡು ಬಕೆಟ್ ನೀರು ಹಾಕಿದರೆ ಮುಗಿಯಿತು.

ಅಡಿಕೆ ತೋಟದವರ ಬೈಕಿಗೆ ಇನ್ನೊಂದು ಶತ್ರು ಇದೆ, ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್. ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲದಲ್ಲಿ ಚೀಲ, ಡ್ರಮ್, ಪಂಪು ಎಲ್ಲ ಬೈಕಿನ ಮೇಲೇ ಹೋಗುತ್ತವೆ. ಮೈಲುತುತ್ತಿನ ನೀರಿಗೆ ಕಬ್ಬಿಣದ ಮೊಳೆ ಹಾಕಿದರೆ ಸ್ವಲ್ಪ ಹೊತ್ತಿಗೆ ಮೊಳೆಯ ಮೇಲೆ ಕೆಂಪು ತಾಮ್ರ ಕೂರುವುದನ್ನು ಶಾಲೆಯಲ್ಲಿ ನೋಡಿರುತ್ತೀರಿ. ತಾಮ್ರ ಕೂರಬೇಕಾದರೆ ಅಷ್ಟೇ ಕಬ್ಬಿಣ ಕರಗಿರಬೇಕು. ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಕದಡಬಾರದು ಅನ್ನುವುದು ಇದಕ್ಕೇ. ಸುಣ್ಣ ಸೇರಿಸಿದ ಮೇಲೆ ಅದರ ಉಗ್ರತೆ ತಗ್ಗುತ್ತದೆ. ಆದರೆ ಹಸಿ ಮೈಲುತುತ್ತಿನ ಪುಡಿ ಕ್ಯಾರಿಯರಿನ ಸಂದಿಯಲ್ಲಿ ಉಳಿದಿದ್ದರೆ, ಚಳಿಗಾಲದ ಇಬ್ಬನಿಗೆ ಮತ್ತೆ ಕರಗುತ್ತದೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ಸೀಟು, ಕ್ಯಾರಿಯರ್ ಬಿಚ್ಚಿ ತೊಳೆದುಬಿಡಿ.

## ಟ್ಯಾಂಕಿನ ಒಳಗೆ

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಓಡುವ ಬೈಕಿಗೆ ಇದರಿಂದ ತೊಂದರೆ ಇಲ್ಲ, ಪೆಟ್ರೋಲ್ ಖಾಲಿಯಾಗಿ ಹೊಸದು ಬರುತ್ತಲೇ ಇರುತ್ತದೆ. ತಿಂಗಳುಗಟ್ಟಲೆ ನಿಂತ ಬೈಕಿನಲ್ಲಿ ನೀರು ಮಿತಿ ಮೀರಿದರೆ, ಎಥನಾಲ್ ಮತ್ತು ನೀರು ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ತಳದ ತಗಡಿಗೆ ತುಕ್ಕು. ಅರ್ಧ ಖಾಲಿ ಟ್ಯಾಂಕಿನ ಒಳಗಿನ ಗಾಳಿ ರಾತ್ರಿ ತಣ್ಣಗಾದಾಗಲೂ ಒಳಗೋಡೆಗೆ ತೇವ ಕಟ್ಟುತ್ತದೆ. ಬೈಕ್ ಕೆಲವು ವಾರ ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿಡಿ. ಗಾಳಿಗೆ ಜಾಗ ಕಡಿಮೆ, ತೇವವೂ ಕಡಿಮೆ.

ಬ್ರೇಕ್ ಆಯಿಲ್ಲಿಗೂ ಇದೇ ಗುಣ ಇದೆ. ಅದು ವರ್ಷ ಕಳೆದಂತೆ ಗಾಳಿಯ ತೇವ ಹೀರಿ ಒಳಗಿನ ಭಾಗಗಳಿಗೆ ತುಕ್ಕು ಹಿಡಿಸುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ.

## ಈಗಾಗಲೇ ಹಿಡಿದಿದ್ದರೆ

ಕ್ರೋಮ್ ಮೇಲಿನ ಸಣ್ಣ ಚುಕ್ಕಿಗಳಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸಾಕು. ಮುದ್ದೆ ಮಾಡಿ, ನೀರಿನಲ್ಲಿ ಅದ್ದಿ, ಮೆಲ್ಲಗೆ ಉಜ್ಜಿ. ಅದು ಕ್ರೋಮ್‌ಗಿಂತ ಮೆದು, ಹಾಗಾಗಿ ಗೀರು ಬೀಳುವುದಿಲ್ಲ. ಒರೆಸಿ ವ್ಯಾಕ್ಸ್ ಹಚ್ಚಿ.

ಫ್ರೇಮ್, ಸ್ಟ್ಯಾಂಡ್, ಕ್ಯಾರಿಯರ್ ಮೇಲಿನ ತುಕ್ಕಿನ ಮೇಲೆ ನೇರ ಪೇಂಟ್ ಹೊಡೆಯಬೇಡಿ. ಒಳಗೆ ಉಪ್ಪೂ ತೇವವೂ ಉಳಿದು ಪೇಂಟ್ ಗುಳ್ಳೆ ಎದ್ದು ಬರುತ್ತದೆ. ಮೊದಲು ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ಪಾಲಿಶ್ ಪೇಪರಿನಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ, ನಂತರ ಪ್ರೈಮರ್, ಅದರ ಮೇಲೆ ಪೇಂಟ್. ಗೇಟು, ಕಿಟಕಿ ಸರಳಿಗೆ ಹೊಡೆಯುವ ರೆಡ್ ಆಕ್ಸೈಡ್ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಅದರ ಕೆಂಪು ಬಣ್ಣವೂ ಕಬ್ಬಿಣದ ಆಕ್ಸೈಡೇ, ಅಂದರೆ ತುಕ್ಕಿನ ಬಳಗದ್ದೇ. ಇನ್ನು ಬದಲಾಗಲು ಏನೂ ಉಳಿಯದ ಪುಡಿ ಅದು, ಹಾಗಾಗಿ ಬಣ್ಣದಲ್ಲಿ ಸುಮ್ಮನೆ ಕೂರುತ್ತದೆ.

ಉಜ್ಜಲು ಕೈ ಹೋಗದ ಸಂದಿಗೆ ರಸ್ಟ್ ಕನ್ವರ್ಟರ್ ಅನ್ನುವ ದ್ರವ ಸಿಗುತ್ತದೆ. ಹಚ್ಚಿದ ಕೆಲವು ಗಂಟೆಗಳಲ್ಲಿ ಕೆಂಪು ತುಕ್ಕು ಕಪ್ಪಾಗುತ್ತದೆ. ಹೆಚ್ಚಿನವುಗಳಲ್ಲಿ ಇರುವುದು ಟ್ಯಾನಿನ್ ಅಥವಾ ಫಾಸ್ಫಾರಿಕ್ ಆಮ್ಲ. ಟ್ಯಾನಿನ್ ಅಡಿಕೆ ಸೀಮೆಯವರಿಗೆ ಹೊಸದಲ್ಲ, ಅಡಿಕೆ ಬೇಯಿಸಿದ ಚೊಗರಿನಲ್ಲಿ ತುಂಬಿರುವುದು ಅದೇ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಕಬ್ಬಿಣ ಕಪ್ಪಾಗುವುದೂ ಇದೇ ಕಾರಣಕ್ಕೆ. ಹಾಗಂತ ಚೊಗರನ್ನೇ ತಂದು ಬೈಕಿಗೆ ಬಳಿಯಬೇಡಿ. ಅದರಲ್ಲಿ ಬೇರೆ ಏನೇನೋ ಸೇರಿರುತ್ತದೆ, ಅಂಟು ಅಂಟಾಗುತ್ತದೆ.

ಮನೆಯಲ್ಲೇ ರಿಪೇರಿ ಮಾಡಲು ಹೋಗಬಾರದ ಕೆಲವು ಇವೆ, ಅವನ್ನು ಗುರುತಿಸುವುದು ಮಾತ್ರ ನಮ್ಮ ಕೆಲಸ. ಸ್ಕ್ರೂಡ್ರೈವರಿನ ಹಿಡಿಯಿಂದ ಫ್ರೇಮಿನ ಪೈಪು, ಬೆಸುಗೆಯ ಗಂಟು, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಮೇಲೆ ಮೆಲ್ಲಗೆ ತಟ್ಟಿ. ಟಣ್ ಅನ್ನದೆ ಮಂದ ಸದ್ದು ಬಂದರೆ, ಪದರ ಪದರ ಉದುರಿದರೆ, ಅದಕ್ಕೆ ಪೇಂಟ್ ಮದ್ದಲ್ಲ. ಓಡಿಸುವುದನ್ನು ನಿಲ್ಲಿಸಿ ಗ್ಯಾರೇಜಿನಲ್ಲಿ ತೋರಿಸಿ. ಇನ್ನೊಂದು ಮುಂದಿನ ಫೋರ್ಕಿನ ಹೊಳೆಯುವ ಪೈಪು. ಗಾಳಿಗೆ ಎದುರಾಗಿ ನಿಲ್ಲುವುದು ಅದೇ, ಉಪ್ಪು ಮೊದಲು ಬಡಿಯುವುದೂ ಅದಕ್ಕೇ. ಅದರ ಮೇಲೆ ಉಗುರನ್ನು ಮೇಲಿಂದ ಕೆಳಕ್ಕೆ ಎಳೆಯಿರಿ. ಉಗುರು ಎಲ್ಲೂ ಸಿಕ್ಕದೆ ಜಾರಿದರೆ ಒರೆಸಿ ಬಿಟ್ಟರೆ ಸಾಕು. ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಗುಂಡಿ ಬಿದ್ದಿದೆ ಅಂತ ಅರ್ಥ. ಬೈಕ್ ಕುಲುಕಿದಾಗಲೆಲ್ಲ ಆ ಗುಂಡಿಯ ಅಂಚು ಆಯಿಲ್ ಸೀಲನ್ನು ಕೊರೆಯುತ್ತದೆ. ಸೀಲ್ ಹರಿದರೆ ಆಯಿಲ್ ಇಳಿದು ಮುಂದಿನ ಬ್ರೇಕಿನ ಮೇಲೆ ಬೀಳುತ್ತದೆ. ಮುಂದಿನ ಸಲ ಘಟ್ಟ ಇಳಿಯುವ ಮೊದಲು ಈ ಒಂದು ಪರೀಕ್ಷೆಯನ್ನಾದರೂ ಮಾಡಿ ಹೊರಡಿ.